ಮಗಳ ಕೆಲಸಕ್ಕೆ ಎಂಥ ಮಾನಿಟರ್ ಕೊಡಿಸಲಿ?



ಹಪ್ಪಳ ಕೆಂಪಾಗುವುದೇಕೆ, ಮಿಡಿ ಉಪ್ಪಿನಕಾಯಿ ಮೆತ್ತಗಾಗುವುದೇಕೆ ಎಂದು ಕೇಳುವ ಕಾಗದಗಳ ನಡುವೆ ಈ ಸಲ ಅಂಕೋಲೆ ಕಡೆಯ ಒಬ್ಬ ತಾಯಿಯ ಕಾಗದ ಬಂದಿದೆ. ಅವರ ಮಗಳು ಮನೆಯಲ್ಲೇ ಕೂತು ಎರಡು ಮೂರು ಫೋಟೋ ಸ್ಟುಡಿಯೋದವರಿಗೆ ಮದುವೆ ಆಲ್ಬಮ್ ಜೋಡಿಸಿ ಕೊಡುತ್ತಾಳಂತೆ. ಮದುವೆಯ ಕಾಲದಲ್ಲಿ ರಾತ್ರಿ ಹನ್ನೆರಡಾದರೂ ಕೆಲಸ. ಅವಳು ಕಂಪ್ಯೂಟರಿನಲ್ಲಿ ಚೆಂದ ಮಾಡಿ ಕಳಿಸಿದ ಬಣ್ಣ ಅಚ್ಚಾಗಿ ಬಂದಾಗ ಬೇರೆಯೇ ಆಗಿರುತ್ತದೆ. ಸ್ಟುಡಿಯೋದವರು ವಾಪಸು ಕಳಿಸುತ್ತಾರೆ, ಕೊಡುವ ಹಣದಲ್ಲಿ ಮುರಿದುಕೊಳ್ಳುತ್ತಾರೆ. ಸಂಜೆಯಾದರೆ ಹುಡುಗಿಗೆ ಕಣ್ಣಲ್ಲಿ ನೀರು, ತಲೆನೋವು. ಈಗ ಅವಳು ‘4ಕೆ’ ಮಾನಿಟರ್ ಬೇಕು ಎನ್ನುತ್ತಿದ್ದಾಳೆ. ಸುಮಾರು ಮೂವತ್ತು ಸಾವಿರ! ತಂದೆ “ಮನೆಯಲ್ಲಿ ಅಷ್ಟು ದೊಡ್ಡ ಟಿ.ವಿ. ಇದೆಯಲ್ಲ, ಅದಕ್ಕೇ ಜೋಡಿಸಿಕೋ” ಎನ್ನುತ್ತಾರೆ. ಹತ್ತಿರದ ಬಂಧುಗಳೊಬ್ಬರು “ನಾಳೆ ಮದುವೆಯಾಗಿ ಹೋಗುವವಳಿಗೆ ಅಷ್ಟು ದುಡ್ಡು ಸುರಿಯುತ್ತೀರಾ?” ಅಂದರಂತೆ. “ಇದು ಅವಳಿಗೆ ನಿಜವಾಗಿ ಬೇಕೋ, ಇಲ್ಲಾ ಷೋಕಿಯೋ, ನೀವೇ ಹೇಳಿ” ಎಂದು ಆ ತಾಯಿ ಕೇಳಿದ್ದಾರೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಂಪ್ಯೂಟರ್ ಇಂಜಿನಿಯರಳಲ್ಲ. ಆದರೆ ಬೈತಖೋಲದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ತಂಗಿಯ ಮಗಳು ಇದೇ ಕೆಲಸ ಮಾಡುತ್ತಾಳೆ. “ಮಾವಶಿ, ಇಲ್ಲಿ ಬಾ, ಈ ಸೀರೆಯ ಬಣ್ಣ ಹೇಳು” ಎಂದು ದಿನಕ್ಕೆ ಹತ್ತು ಸಲ ಕರೆಯುತ್ತಾಳೆ. ಅವಳ ಮಾನಿಟರಿಗಾಗಿ ಅವಳ ಜೊತೆ ಅಂಗಡಿ ಅಲೆದವಳು ನಾನೇ. ಅಲ್ಲಿ ಕಲಿತದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ.

ಮೊದಲು ಈ ‘4ಕೆ’ ಅಂದರೇನು ನೋಡೋಣ. ಅದು ಚುಕ್ಕಿ ರಂಗೋಲಿಯ ಲೆಕ್ಕ, ಅಷ್ಟೇ. ಮಾನಿಟರಿನ ಚಿತ್ರವೆಲ್ಲ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳಿಂದ ಆದದ್ದು. ಅದಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಸಾಧಾರಣ ‘ಫುಲ್ ಎಚ್‌ಡಿ’ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಗುಣಿಸಿದರೆ ಸುಮಾರು 21 ಲಕ್ಷ. ಮಧ್ಯಮದ್ದರಲ್ಲಿ, ಅಂಗಡಿಯವರು ‘2ಕೆ’ ಅಥವಾ ‘ಕ್ಯೂಎಚ್‌ಡಿ’ ಎನ್ನುವುದರಲ್ಲಿ, 2560ಕ್ಕೆ 1440, ಅಂದರೆ ಸುಮಾರು 37 ಲಕ್ಷ. 4ಕೆ ಮಾನಿಟರಿನಲ್ಲಿ 3840ಕ್ಕೆ 2160, ಸುಮಾರು 83 ಲಕ್ಷ ಚುಕ್ಕಿ! ಅದೇ ಅಂಗಳದಲ್ಲಿ ನಾಲ್ಕು ಪಟ್ಟು ಚುಕ್ಕಿ ಇಟ್ಟು ರಂಗೋಲಿ ಎಳೆದರೆ ಬಳ್ಳಿಯ ಬಾಗು ಎಷ್ಟು ನಯವಾಗಿ ಬಂದೀತು, ನೀವೇ ಊಹಿಸಿ.

ಅಂಗಳ ದೊಡ್ಡದು ಮಾಡಿ ಚುಕ್ಕಿ ಅಷ್ಟೇ ಇಟ್ಟರೆ? ರಂಗೋಲಿ ಒರಟಾಗುತ್ತದೆ. ಬಹಳ ಜನ ಮೋಸಹೋಗುವುದು ಇಲ್ಲೇ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ ಬೀಳುತ್ತವೆ. ಅದನ್ನೇ 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಹಣ ಹೆಚ್ಚು ಕೊಟ್ಟು ಕಡಿಮೆ ಕಂಡ ಹಾಗೆ! 27 ಇಂಚಿನಲ್ಲಿ 4ಕೆ ಆದರೆ ಇಂಚಿಗೆ ಸುಮಾರು 163. ಕೈ ಚಾಚಿದಷ್ಟು ದೂರದಲ್ಲಿ ಕೂತರೆ ಚುಕ್ಕಿ ಚುಕ್ಕಿಯಾಗಿ ಕಣ್ಣಿಗೆ ಕಾಣುವುದೇ ಇಲ್ಲ, ಅಚ್ಚು ಮಾಡಿದ ಪುಟದಂತೆ ಕಾಣುತ್ತದೆ. 32 ಇಂಚಿನ 4ಕೆಯಲ್ಲಿ ಸುಮಾರು 138. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ನಮ್ಮ ಸಣ್ಣ ಕೋಣೆಗಳಲ್ಲಿ, ಗೋಡೆಗೆ ಒತ್ತಿದ ಮೇಜಿನ ಮೇಲೆ ಇಟ್ಟರೆ ಕುತ್ತಿಗೆ ಆಚೀಚೆ ತಿರುಗಿಸಿ ಸಾಕಾಗುತ್ತದೆ.

ಆಲ್ಬಮ್ ಮಾಡುವವರಿಗೆ ಇಷ್ಟು ಚುಕ್ಕಿ ಏಕೆ ಬೇಕು? ಈಗಿನ ಮದುವೆ ಆಲ್ಬಮ್ ಬಿಡಿಸಿದರೆ ಎರಡು ಪುಟ ಸೇರಿ 12 ಇಂಚಿಗೆ 36 ಇಂಚು ಇರುವುದೇ ಹೆಚ್ಚು. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಲೆಕ್ಕ ಹಾಕಿದರೆ ಒಂದು ಹಾಳೆಗೆ 3 ಕೋಟಿ 88 ಲಕ್ಷಕ್ಕೂ ಮಿಕ್ಕಿ ಚುಕ್ಕಿ ಆಗುತ್ತದೆ. ಹಳೆಯ ಮಾನಿಟರಿನಲ್ಲಿ ಹುಡುಗಿ ನಿಜವಾದ ಅಳತೆಯಲ್ಲಿ ಒಂದು ಸಲಕ್ಕೆ ನೋಡುವುದು ಆ ಹಾಳೆಯ ಹತ್ತೊಂಬತ್ತರಲ್ಲಿ ಒಂದು ಭಾಗ. 4ಕೆಯಲ್ಲಿ ಹೆಚ್ಚೂಕಡಿಮೆ ಐದರಲ್ಲಿ ಒಂದು ಭಾಗ. ಹತ್ತೊಂಬತ್ತು ಸಲ ಸರಿಸಿ ನೋಡುವುದಕ್ಕೂ ಐದು ಸಲ ಸರಿಸುವುದಕ್ಕೂ ವ್ಯತ್ಯಾಸ ಇಲ್ಲವೆ? ನೂರು ಫೋಟೋ ಇರುವ ಆಲ್ಬಮಿನಲ್ಲಿ ಈ ಸರಿಸುವಿಕೆಯೇ ಅರ್ಧ ರಾತ್ರಿ ತಿನ್ನುತ್ತದೆ.

ಇನ್ನು ನಮ್ಮ ಕನ್ನಡದ ಮಾತು. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಬ್ಯಾನರು ಮಾಡುವ ಹುಡುಗಿಯರಿಗೆ ಇದು ಬಹಳ ಮುಖ್ಯ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಂತಿರುತ್ತದೆ. ನಮ್ಮದು ಹಾಗಲ್ಲ, ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ‘ಲಕ್ಷ್ಮೀ’ ಎಂಬ ಒಂದು ಹೆಸರು ಬರೆದು ನೋಡಿ. ಕ್ಷಕಾರದ ಕೆಳಗೆ ತೂಗಾಡುವ ಆ ಸಣ್ಣ ಮ ಒತ್ತು ಕಡಿಮೆ ಚುಕ್ಕಿಯ ಮಾನಿಟರಿನಲ್ಲಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ್ದು ಬೇರೆ ಕಂಪ್ಯೂಟರಿಗೆ ಹೋದಾಗ ಅಕ್ಷರ ಒಡೆಯುವುದೂ ಉಂಟು. ಅದನ್ನು ಅಚ್ಚಿಗೆ ಹೋಗುವ ಮೊದಲೇ ಕಣ್ಣು ಹಿಡಿಯಬೇಕು. ಮೊದಲು ಮೊಳೆ ಜೋಡಿಸುವ ಅಚ್ಚುಕೂಟಗಳಲ್ಲಿ ಕರಡು ತಿದ್ದುವವರು ಬೇರೆ ಇರುತ್ತಿದ್ದರು. ಈಗ ಜೋಡಿಸುವವಳೂ ಅವಳೇ, ತಿದ್ದುವವಳೂ ಅವಳೇ. ವರನ ಅಜ್ಜನ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿ ಐನೂರು ಪತ್ರಿಕೆ ಅಚ್ಚಾದರೆ ಬೈಗುಳ ಯಾರ ಪಾಲಿಗೆ, ಹೇಳಿ!

ಇಷ್ಟೆಲ್ಲ ಹೇಳಿದ ಮೇಲೂ ನಾನು ಒಂದು ಮಾತು ಒತ್ತಿ ಹೇಳುತ್ತೇನೆ. ಚುಕ್ಕಿಗಿಂತ ಮುಖ್ಯ ಬಣ್ಣ. ಅಂಗಡಿಯವರು 4ಕೆ, 4ಕೆ ಎಂದು ಕೂಗುತ್ತಾರೆ. ಬಣ್ಣದ ಮಾತು ನಾವೇ ಕೇಳಿ ತೆಗೆಯಬೇಕು. ಅಂಕೋಲೆಯ ಮಗುವಿನ ಹಣ ಮುರಿದದ್ದು ಚುಕ್ಕಿ ಕಡಿಮೆ ಎಂದಲ್ಲ, ಬಣ್ಣ ತಪ್ಪಿದ್ದಕ್ಕೆ ಎಂಬುದನ್ನು ನೆನಪಿಡಿ.

ಸೀರೆ ಅಂಗಡಿಯಲ್ಲಿ ನಾವು ಏನು ಮಾಡುತ್ತೇವೆ? ಟ್ಯೂಬ್‌ಲೈಟಿನ ಕೆಳಗೆ ಎಷ್ಟು ಚೆಂದ ಕಂಡರೂ ನಂಬದೆ ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿದು ನೋಡುತ್ತೇವೆ. ಒಳಗೆ ನೇರಳೆ ಎಂದು ಕಂಡದ್ದು ಹೊರಗೆ ಕಂದು ಆಗಿರುತ್ತದೆ. ಮಾನಿಟರೂ ಹಾಗೆಯೇ, ಒಂದೊಂದು ಒಂದೊಂದು ಬಣ್ಣ ತೋರಿಸುತ್ತದೆ. ಅದಕ್ಕಾಗಿ ‘ಎಸ್‌ಆರ್‌ಜಿಬಿ’ ಎಂಬ ಒಂದು ಅಳತೆಗೋಲು ಮಾಡಿದ್ದಾರೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಮುಂದಿಟ್ಟದ್ದು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಪೆಟ್ಟಿಗೆಯ ಮೇಲೆ ‘ಶೇಕಡಾ 100 ಎಸ್‌ಆರ್‌ಜಿಬಿ’ ಎಂದಿದ್ದರೆ ಆ ಅಳತೆಯ ಬಣ್ಣವನ್ನೆಲ್ಲ ಅದು ತೋರಿಸಬಲ್ಲದು ಎಂದರ್ಥ. ಜೊತೆಗೆ ‘ಡೆಲ್ಟಾ ಇ 2ಕ್ಕಿಂತ ಕಡಿಮೆ’ ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ನಿಜವಾದ ಬಣ್ಣಕ್ಕೂ ಪರದೆಯ ಬಣ್ಣಕ್ಕೂ ಇರುವ ತಪ್ಪಿನ ಲೆಕ್ಕ ಅದು. ಎರಡಕ್ಕಿಂತ ಕಡಿಮೆ ಇದ್ದರೆ ನಮ್ಮ ನಿಮ್ಮ ಕಣ್ಣಿಗೆ ತಿಳಿಯುವುದು ಕಷ್ಟ.

‘ಅಡೋಬಿ ಆರ್‌ಜಿಬಿ’, ‘ಡಿಸಿಐ-ಪಿ3’ ಎಂದು ಇನ್ನೂ ದೊಡ್ಡ ಬಣ್ಣದ ಬುಟ್ಟಿಗಳಿವೆ. ಮೊದಲನೆಯದು ದೊಡ್ಡ ಮಟ್ಟದ ಅಚ್ಚಿನ ಕೆಲಸಕ್ಕೆ, ಎರಡನೆಯದು ಸಿನಿಮಾಕ್ಕೆ. ಸ್ಟುಡಿಯೋದ ಫೋಟೋ ಅಚ್ಚು ಮಾಡುವ ಬಹುತೇಕ ಕಲರ್ ಲ್ಯಾಬಿನವರು ಎಸ್‌ಆರ್‌ಜಿಬಿಯಲ್ಲೇ ಕೊಡಿ ಎನ್ನುತ್ತಾರೆ. ಮದುವೆಯ ವೀಡಿಯೋ ನೋಡುವವರೂ ಮೊಬೈಲಿನಲ್ಲೇ ತಾನೆ ನೋಡುವುದು? ಹಾಗಿರುವಾಗ ದೊಡ್ಡ ಬುಟ್ಟಿಗೆ ಈಗಲೇ ದುಪ್ಪಟ್ಟು ಹಣ ಸುರಿಯುವುದು ಬೇಡ. ಬೆಂಗಳೂರಿನಲ್ಲಿ ಸಿನಿಮಾ ಗ್ರಾಫಿಕ್ಸಿನ ಕಂಪನಿಯವರ ಕೆಲಸ ಮನೆಗೇ ಬರುವ ಕಾಲ ಬಂದರೆ ಆಗ ನೋಡಿದರಾಯಿತು. ಬರಲಾರದೆಂದೂ ಅಲ್ಲ. ಈ ಅನಿಮೇಷನ್, ಗ್ರಾಫಿಕ್ಸ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ್ದು ನಮ್ಮ ಕರ್ನಾಟಕವೇ, 2012ರಲ್ಲಿ.

ಪರದೆಯ ಒಳಗಿನ ಹಾಳೆಯಲ್ಲಿಯೂ ಜಾತಿಗಳಿವೆ. ಟಿಎನ್, ವಿಎ, ಐಪಿಎಸ್, ಓಎಲ್‌ಇಡಿ. ಕಣ್ಣು ಮುಚ್ಚಿ ಐಪಿಎಸ್ ಕೇಳಿ. ಟಿಎನ್ ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೆ ವಧುವಿನ ಮುಖ ಕಪ್ಪಿಡುತ್ತದೆ, ಎದ್ದು ನಿಂತು ನೋಡಿದರೆ ಬಿಳಿಚುತ್ತದೆ. ಐಪಿಎಸ್‌ನಲ್ಲಿ ಪಕ್ಕದಲ್ಲಿ ಕೂತ ತಾಯಿಗೂ ಎದುರಿಗೆ ಕೂತ ಮಗಳಿಗೂ ಹೆಚ್ಚುಕಡಿಮೆ ಒಂದೇ ಬಣ್ಣ ಕಾಣುತ್ತದೆ. ಓಎಲ್‌ಇಡಿ ನೋಡಲು ಬಹಳ ಚೆಂದ, ಕಪ್ಪು ಎಂದರೆ ಅಮಾವಾಸ್ಯೆಯ ಕಪ್ಪು. ಆದರೆ ದಿನವಿಡೀ ಒಂದೇ ಜಾಗದಲ್ಲಿ ಒಂದೇ ಚಿತ್ರ ನಿಂತಿದ್ದರೆ ಅದರ ನೆರಳು ಕಲೆಯಂತೆ ಉಳಿಯುವ ಭಯ ಇದೆ. ಆಲ್ಬಮ್ ಮಾಡುವ ತಂತ್ರಾಂಶದ ಬದಿಯ ಪಟ್ಟಿಗಳು ದಿನಕ್ಕೆ ಎಂಟು ಗಂಟೆ ಅಲ್ಲಾಡದೆ ನಿಂತಿರುತ್ತವೆ, ನೋಡಿ. ಬೆಲೆಯೂ ಜಾಸ್ತಿ.

ಪೆಟ್ಟಿಗೆಯ ಮೇಲಿನ ಉಳಿದ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ. ‘144 ಹರ್ಟ್ಸ್’, ‘1 ಮಿಲಿ ಸೆಕೆಂಡ್’ ಎಲ್ಲ ಆಟ ಆಡುವ ಹುಡುಗರಿಗೆ. ‘ಕಾಂಟ್ರಾಸ್ಟ್ ಕೋಟಿಗೆ ಒಂದು’ ಎಂಬುದು ಜಾಹೀರಾತಿನ ಮಾತು. ಬಾಗಿದ ಪರದೆ ಬೇಡವೇ ಬೇಡ, ಮಂಟಪದ ಕಂಬ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ಕೆಲಸಕ್ಕೆ ನೆಟ್ಟಗಿನ ಪರದೆಯೇ ಸರಿ.

ತಂದೆಯವರು ಹೇಳಿದ ಟಿ.ವಿ.ಯ ಮಾತಿಗೆ ಬರೋಣ. ಅವರ ಮಾತು ತಪ್ಪೆಂದು ಜರೆಯುವುದಲ್ಲ, ಮನೆ ನಡೆಸುವವರಿಗೆ ಮೊದಲು ಇರುವುದೇ ನೆನಪಾಗುತ್ತದೆ. ಆದರೆ ಟಿ.ವಿ. ಮಾಡಿರುವುದು ಎಂಟು ಹತ್ತು ಅಡಿ ದೂರದಿಂದ ನೋಡಲಿಕ್ಕೆ. 43 ಇಂಚಿನ ಟಿ.ವಿ. ಮುಂದೆ ಎರಡಡಿಯಲ್ಲಿ ಕೂತರೆ ಕಣ್ಣು, ಕುತ್ತಿಗೆ ಎರಡೂ ಹೋಗುತ್ತವೆ. ಅಲ್ಲದೆ ಟಿ.ವಿ. ಬಣ್ಣವನ್ನು ಒಗ್ಗರಣೆ ಹಾಕಿ ಕೊಡುತ್ತದೆ, ಹಸಿರು ಹೆಚ್ಚು ಹಸಿರು, ಕೆಂಪು ಹೆಚ್ಚು ಕೆಂಪು. ಧಾರಾವಾಹಿ ನೋಡಲಿಕ್ಕೆ ಅದು ಚೆಂದ. ಅದನ್ನು ನಂಬಿ ಬಣ್ಣ ತಿದ್ದಿದರೆ ಅಚ್ಚಿನಲ್ಲಿ ಸಪ್ಪೆಯಾಗುತ್ತದೆ.

ಅಂಗಡಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಪೆನ್‌ಡ್ರೈವಿನಲ್ಲಿ ಮಗಳೇ ಮಾಡಿದ ಒಂದು ಹಾಳೆ, ಅದರ ಅಚ್ಚಾದ ಪ್ರತಿ ಎರಡನ್ನೂ ಒಯ್ಯಿರಿ. ಕೆಂಪು ರೇಷ್ಮೆ, ಬಂಗಾರ, ಅರಿಸಿನ, ಮಲ್ಲಿಗೆಯ ಬಿಳಿ, ಮುಡಿದ ಅಬ್ಬಲಿಗೆ, ಇಷ್ಟು ಇರುವ ಚಿತ್ರವಾದರೆ ಅದಕ್ಕಿಂತ ಪರೀಕ್ಷೆ ಬೇರೆ ಬೇಡ. ನಮ್ಮ ಕಡೆಯ ಅಬ್ಬಲಿಗೆಯ ಬಣ್ಣ ಇದೆಯಲ್ಲ, ಅದು ಕಿತ್ತಳೆಯೂ ಅಲ್ಲ, ಗುಲಾಬಿಯೂ ಅಲ್ಲ. ಅದನ್ನು ಸರಿಯಾಗಿ ತೋರಿಸಿದ ಮಾನಿಟರ್ ಬೇರೆ ಬಣ್ಣದಲ್ಲಿ ತಪ್ಪುವುದು ಅಪರೂಪ. ಅಂಗಡಿಯಲ್ಲಿ ಎಲ್ಲವನ್ನೂ ಕಣ್ಣು ಕುಕ್ಕುವ ಬೆಳಕಿನಲ್ಲಿ ಇಟ್ಟಿರುತ್ತಾರೆ. “ಎಸ್‌ಆರ್‌ಜಿಬಿ ಮೋಡಿಗೆ ಹಾಕಿ ತೋರಿಸಿ” ಎಂದು ಹೇಳಿ. ಹಾಕಲು ಬೇಸರ ಪಟ್ಟರೆ ಬೇರೆ ಅಂಗಡಿ ಇದ್ದೇ ಇದೆ.

ನಮ್ಮ ಹುಡುಗಿ ಇನ್ನೊಂದು ಚಿತ್ರ ಹಾಕಿಸಿದ್ದಳು. ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದರಲ್ಲ, ಆ ಸಂದರ್ಭದ ಚಿತ್ರ. 2024ರ ಡಿಸೆಂಬರಿನಲ್ಲಿ ಆ ತಾಯಿ ತೀರಿಕೊಂಡರು. ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರ ನೀವು ನೋಡಿದ್ದೀರಿ, ಸುತ್ತು ಸುತ್ತು, ಸಾವಿರ ಸಣ್ಣ ಮಣಿ. ಅಂಗಡಿಯ ಒಂದು ಅಗ್ಗದ ಮಾನಿಟರಿನಲ್ಲಿ ಆ ಸರಗಳೆಲ್ಲ ಅಂಟಿಕೊಂಡು ಒಂದೇ ಪಟ್ಟಿಯಾಗಿ ಕಂಡವು. ಪಕ್ಕದ 4ಕೆಯಲ್ಲಿ ಮಣಿ ಮಣಿ ಬೇರೆ, ಕಪ್ಪು ಮಣಿ ಬೇರೆ, ಕಡುನೀಲಿ ಮಣಿ ಬೇರೆ. ಅಂಗಡಿಯ ಹುಡುಗನೇ ಬಗ್ಗಿ ನೋಡಿದ! ಅಂದ ಹಾಗೆ ಫೋಟೋ ತಾನೇ ಸಣ್ಣದಾಗಿದ್ದರೆ ಯಾವ ಮಾನಿಟರೂ ಏನೂ ಮಾಡಲಾರದು. ವಾಟ್ಸಾಪಿನಲ್ಲಿ ಬಂದ ಕುಗ್ಗಿದ ಚಿತ್ರ ಪರೀಕ್ಷೆಗೆ ಬೇಡ.

ಕೊಳ್ಳುವ ಮುಂಚೆ ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪು, ಹಸಿರು, ನೀಲಿ ಮಾಡಿಸಿ ನೋಡಿ. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣಿಗೆ ಇದೇನು ಕಷ್ಟ? ಎಲ್ಲಾದರೂ ಒಂದು ಚುಕ್ಕಿ ಸತ್ತು ಕಪ್ಪಾಗಿದ್ದರೆ ಅಥವಾ ಒಂದೇ ಬಣ್ಣದಲ್ಲಿ ಉರಿಯುತ್ತಿದ್ದರೆ ಆಗಲೇ ಬದಲಿಸಿ ಕೊಡಿ ಎನ್ನಿ. ಇಂತಿಷ್ಟು ಚುಕ್ಕಿ ಸತ್ತರೆ ಮಾತ್ರ ಬದಲಿಸುತ್ತೇವೆ ಎಂಬ ನಿಯಮ ಒಂದೊಂದು ಕಂಪನಿಗೆ ಒಂದೊಂದು ಇರುತ್ತದೆ. ಹಣ ಕೊಡುವ ಮೊದಲೇ ಕೇಳಿಕೊಳ್ಳಿ. ಬಿಐಎಸ್ ಗುರುತು ಇದೆಯೇ, ವಾರಂಟಿ ಮೂರು ವರ್ಷವೇ, ಕೆಟ್ಟರೆ ಕಾರವಾರಕ್ಕೇ ಬಂದು ನೋಡುತ್ತಾರೋ ಅಥವಾ ಹುಬ್ಬಳ್ಳಿಗೋ ಗೋವಾಕ್ಕೋ ಹೊತ್ತು ಹೋಗಬೇಕೋ, ಇದನ್ನೂ ಕೇಳಿ. ಆನ್‌ಲೈನಿನಲ್ಲಿ ತರಿಸುವವರು ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ವೀಡಿಯೋ ಮಾಡಿಟ್ಟುಕೊಳ್ಳಿ.

ಮನೆಯ ಕಂಪ್ಯೂಟರ್ ಈ 83 ಲಕ್ಷ ಚುಕ್ಕಿಯನ್ನು ಹೊರಬಲ್ಲದೋ ಎಂಬುದೂ ಮುಖ್ಯ. ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ ತೂತು 1.4 ದರ್ಜೆಯದಾದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಮೌಸಿನ ಬಾಣ ಎಳೆದೆಳೆದು ಬಂದಂತೆ ಅನಿಸುತ್ತದೆ. 2.0 ದರ್ಜೆ ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ 60 ಸಲ, ಅದು ಸರಿ. ಕೇಬಲ್ಲೂ ಅದೇ ದರ್ಜೆಯದು ಇರಬೇಕು. ಇದು ತಿಳಿಯದಿದ್ದರೆ ಕಂಪ್ಯೂಟರಿನ ಹಿಂಭಾಗದ ಫೋಟೋ ಮತ್ತು ಮಾಡೆಲ್ ನಂಬರ್ ಅಂಗಡಿಯವರಿಗೆ ತೋರಿಸಿ ಕೇಳಿ. ಕಂಪ್ಯೂಟರ್ ತೀರಾ ಹಳೆಯದಾಗಿದ್ದು ಈಗಲೇ ಕುಂಟುತ್ತಿದ್ದರೆ, 4ಕೆಗೆ ಹಾರದೆ, 27 ಇಂಚಿನ 2ಕೆ ಐಪಿಎಸ್ ತೆಗೆದುಕೊಳ್ಳಿ. ಇಂಚಿಗೆ 109 ಚುಕ್ಕಿ, ಬಣ್ಣ ಸರಿ ಇದ್ದರೆ ಎಷ್ಟೋ ವರ್ಷ ಅದರಲ್ಲೇ ಕೆಲಸ ಆಗುತ್ತದೆ. ನನ್ನನ್ನು ಕೇಳಿದರೆ ಬಣ್ಣ ಕೆಟ್ಟ 4ಕೆಗಿಂತ ಬಣ್ಣ ಸರಿಯಾದ 2ಕೆಯೇ ಮೇಲು.

ದುಡ್ಡಿನ ಮಾತು. ನಾನು ವಿಚಾರಿಸಿದ ಮಟ್ಟಿಗೆ ಬಣ್ಣ ಒಪ್ಪುವ 27 ಇಂಚಿನ 4ಕೆ ಐಪಿಎಸ್ ಸುಮಾರು ಇಪ್ಪತ್ತರಿಂದ ಮೂವತ್ತೈದು ಸಾವಿರದ ನಡುವೆ ಸಿಗುತ್ತದೆ. ಬೆನ್‌ಕ್ಯೂ, ಏಸಸ್‌ನ ಪ್ರೋಆರ್ಟ್, ಡೆಲ್, ಎಲ್‌ಜಿ, ವ್ಯೂಸೋನಿಕ್ ಇವರೆಲ್ಲ ಈ ಕೆಲಸಕ್ಕೆಂದೇ ಮಾಡುವ ಮಾದರಿಗಳಿವೆ. ದರ ಹಬ್ಬಕ್ಕೊಂದು, ಹುಣ್ಣಿಮೆಗೊಂದು, ನೀವೇ ನಾಲ್ಕು ಕಡೆ ಕೇಳಿ. ಶೇಕಡಾ 18 ಜಿಎಸ್‌ಟಿ ಸೇರಿದ ದರವೋ ಅಲ್ಲವೋ ಎಂದೂ ಕೇಳಿ.

ಮೂವತ್ತು ಸಾವಿರ ಸಣ್ಣ ಮೊತ್ತವಲ್ಲ, ಗೊತ್ತು. ಆದರೆ 2025ರಲ್ಲಿ 10 ಗ್ರಾಂ ಚಿನ್ನದ ದರ ಲಕ್ಷ ದಾಟಿತು. ಆ ಲೆಕ್ಕದಲ್ಲಿ ಇದು ಮೂರು ಗ್ರಾಮಿಗೂ ಕಡಿಮೆ. ಮದುವೆಗೆಂದು ಮೂರು ಗ್ರಾಮಿನ ಉಂಗುರ ಮಾಡಿಸಿದರೆ ಆ ಬಂಧುಗಳು ಬಾಯಿ ತೆರೆಯುತ್ತಿದ್ದರೆ? ಮೀನುಗಾರನಿಗೆ ಬಲೆ ಬೇಡವೆಂದು ಬೈತಖೋಲ ಬಂದರಿನಲ್ಲಿ ಯಾರೂ ಹೇಳುವುದಿಲ್ಲ. ಬಡಗಿಗೆ ಉಳಿ ಬೇಡವೆನ್ನುವುದಿಲ್ಲ. ಹೆಣ್ಣುಮಗಳು ಮನೆಯೊಳಗೆ ಕೂತು ದುಡಿದರೆ ಮಾತ್ರ ಅವಳ ಹತ್ಯಾರು ‘ಷೋಕಿ’ ಹೇಗಾಗುತ್ತದೆ, ಇದು ನನಗೆ ಇನ್ನೂ ತಿಳಿದಿಲ್ಲ. ತಾಯಿಯವರೇ, ನಿಮ್ಮ ಮಗಳು ಕಳೆದ ಒಂದು ವರ್ಷದಲ್ಲಿ ತಂದ ಹಣ, ಬಣ್ಣ ತಪ್ಪಿತೆಂದು ಮುರಿದುಕೊಂಡ ಹಣ, ಎರಡನ್ನೂ ಒಂದು ಹಾಳೆಯಲ್ಲಿ ಬರೆಯಿಸಿ. ಆ ಹಾಳೆಯನ್ನು ಯಜಮಾನರ ಮುಂದೆ ಇಡಿ. ಬಾಯಿಮಾತಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು. ಮುರಿದುಹೋದ ಹಣ ಅಲ್ಪವಾಗಿದ್ದರೆ ಇನ್ನೊಂದು ಮದುವೆ ಕಾಲ ಕಾಯಬಹುದು, ಅದನ್ನೂ ಮಗಳಿಗೆ ನೇರವಾಗಿ ಹೇಳಿ. ಅದೇ ದೊಡ್ಡದಾಗಿದ್ದರೆ ಕಾಯುವುದೇ ನಷ್ಟ.

ಕೈಯಲ್ಲಿ ಇಲ್ಲದಿದ್ದರೆ ಸ್ವಸಹಾಯ ಸಂಘದ ಸಾಲ ಇದೆ. ಕೇಂದ್ರ ಸರಕಾರ 2015ರಲ್ಲಿ ಶುರು ಮಾಡಿದ ಮುದ್ರಾ ಯೋಜನೆಯಲ್ಲಿ ‘ಶಿಶು’ ದರ್ಜೆಯ ಸಾಲ ಐವತ್ತು ಸಾವಿರದವರೆಗೆ ಒತ್ತೆಯಿಲ್ಲದೆ ಸಿಗುತ್ತದೆ, ಬ್ಯಾಂಕಿನಲ್ಲಿ ಕೇಳಿ. ಮಗಳ ಕೆಲಸವನ್ನು ‘ಉದ್ಯಮ್’ ನೋಂದಣಿ ಮಾಡಿಸಿಡುವುದೂ ಒಳ್ಳೆಯದು. ಅದಕ್ಕೆ ಶುಲ್ಕವಿಲ್ಲ. ಯಾರಾದರೂ ಸಾವಿರ ರೂಪಾಯಿ ಕೊಡಿ ಮಾಡಿಸಿ ಕೊಡುತ್ತೇವೆ ಎಂದರೆ ನಂಬಬೇಡಿ. ಎಲ್ಲಕ್ಕಿಂತ ಮುಖ್ಯ, ಮಾನಿಟರಿನ ಬಿಲ್ಲು, ವಾರಂಟಿ ಎರಡೂ ಮಗಳ ಹೆಸರಿನಲ್ಲೇ ಇರಲಿ. ತಂದೆಯ ಹೆಸರೂ ಬೇಡ, ಅಣ್ಣನ ಹೆಸರೂ ಬೇಡ. ನಾಳೆ ಮದುವೆಯಾಗಿ ಕುಮಟೆಗೋ ಧಾರವಾಡಕ್ಕೋ ಹೋದರೆ ಮಾನಿಟರೂ ಅವಳ ಜೊತೆ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಹೆಣ್ಣು ನೋಡಲು ಬಂದವರಿಗೂ “ಇವಳಿಗೆ ಕೆಲಸವಿದೆ, ಮೇಜು ಹಾಕಲು ಒಂದು ಜಾಗ ಬೇಕು” ಎಂದು ಮೊದಲೇ ಹೇಳಿ.

ಕಣ್ಣಿನ ಮಾತು ನಾನು ಬೇಕೆಂದೇ ಕಡೆಗೆ ಇಟ್ಟೆ. ಮಾನಿಟರ್ ಬದಲಿಸಿದರೆ ತಲೆನೋವು ಹೋಗುತ್ತದೆ ಎಂದು ನಾನು ಬರೆದುಕೊಡಲಾರೆ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಕನ್ನಡಕ ಬೇಕಾದ ಹುಡುಗಿಗೆ ಮಾನಿಟರ್ ಕೊಡಿಸಿ ಏನು ಪ್ರಯೋಜನ? ಆಮೇಲೆ ಕೂರುವ ಜಾಗ ನೋಡಿ. ಪರದೆ ಕೈ ಚಾಚಿದಷ್ಟು ದೂರ ಇರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ. 4ಕೆಯಲ್ಲಿ ಅಕ್ಷರ ಇರುವೆಯಷ್ಟು ಕಂಡರೆ ಹೆದರಬೇಡಿ, ಸೆಟ್ಟಿಂಗಿನಲ್ಲಿ ‘ಸ್ಕೇಲಿಂಗ್’ ಶೇಕಡಾ 150 ಮಾಡಿದರೆ ಅಳತೆಗೆ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಬೇಕು. ನಮ್ಮಲ್ಲಿ ಕಿಟಕಿ ತೆರೆದರೆ ದೋಣಿ ಕಾಣುತ್ತದೆ, ನಿಮ್ಮಲ್ಲಿ ತೆಂಗಿನ ಮರವಾದರೂ ಇದ್ದೀತು.

ಬಿಣಗಾ ಕಡೆಯ ಹೆದ್ದಾರಿ ಸುರಂಗದಿಂದ ಬಸ್ಸು ಹೊರಗೆ ಬಂದಾಗ ಕಣ್ಣು ಕುಕ್ಕುತ್ತದಲ್ಲ, ದೀಪ ಆರಿಸಿದ ಕೋಣೆಯಲ್ಲಿ ಉಜ್ವಲವಾದ ಪರದೆ ನೋಡಿದರೂ ಕಣ್ಣಿಗೆ ಅದೇ ಪಾಡು. ಕೋಣೆಯಲ್ಲಿ ಹದವಾದ ಬೆಳಕು ಇರಲಿ, ಪರದೆಯ ಬೆಳಕು ಇಳಿಸಲಿ. ಇದರಲ್ಲಿ ಇನ್ನೊಂದು ಗುಟ್ಟಿದೆ. ಪರದೆಯ ಬೆಳಕು ವಿಪರೀತ ಇಟ್ಟವರಿಗೆ ಫೋಟೋ ಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಅವರು ಅದನ್ನು ಕಡಿಮೆ ಮಾಡಿ ಕಳಿಸುತ್ತಾರೆ, ಅಚ್ಚು ಕಪ್ಪಾಗಿ ಬರುತ್ತದೆ. ಅಂಕೋಲೆಯ ಹುಡುಗಿಯ ಆಲ್ಬಮ್ ಕಪ್ಪಾಗಿ ಬರುತ್ತಿದ್ದರೆ ಇದನ್ನು ಇವತ್ತೇ, ಹಳೆಯ ಮಾನಿಟರಿನಲ್ಲೇ ಮಾಡಿ ನೋಡಲಿ, ಕಾಸು ಖರ್ಚಿಲ್ಲ. ಹಳೆಯ ಅಚ್ಚೊಂದನ್ನು ಪರದೆಯ ಪಕ್ಕ ಹಿಡಿದು ಎರಡೂ ಹೊಂದುವ ತನಕ ಬೆಳಕು ಇಳಿಸುತ್ತ ಬರಬೇಕು. ಪೂರ್ತಿ ಆಲ್ಬಮ್ ಕಳಿಸುವ ಮುಂಚೆ ಲ್ಯಾಬಿನಿಂದ ಒಂದು ಸಣ್ಣ ಮಾದರಿ ಅಚ್ಚು ತರಿಸಿಕೊಳ್ಳುವುದೂ ಜಾಣತನ. ಬಣ್ಣ ಅಳೆದು ಸರಿಪಡಿಸುವ ಸಣ್ಣ ಯಂತ್ರಗಳು ಬರುತ್ತವೆ, ಕ್ಯಾಲಿಬ್ರೇಟರ್ ಎನ್ನುತ್ತಾರೆ. ಒಬ್ಬಳಿಗೆ ಅದು ದುಬಾರಿ. ಊರಿನಲ್ಲಿ ಇದೇ ಕೆಲಸ ಮಾಡುವ ನಾಲ್ವರು ಸೇರಿ ಒಂದನ್ನು ಕೊಂಡು, ಇಡ್ಲಿ ಕೊಪ್ಪರಿಗೆ ಹಂಚಿಕೊಂಡಂತೆ, ತಿಂಗಳಿಗೊಮ್ಮೆ ಬಳಸಬಹುದು.

ಗೋಡೆಯ ಬಣ್ಣವೂ ಕಣ್ಣಿಗೆ ಮೋಸ ಮಾಡುತ್ತದೆ. ನಮ್ಮ ಕಡೆ ಗಿಳಿಹಸಿರು, ಗುಲಾಬಿ ಗೋಡೆಗಳೇ ಹೆಚ್ಚು. ಗಿಳಿಹಸಿರು ಗೋಡೆಯ ಮುಂದೆ ಕೂತವಳಿಗೆ ವಧುವಿನ ಕೆನ್ನೆ ಕೆಂಪಾಗಿ ಕಂಡೀತು, ಅವಳು ಆ ಕೆಂಪು ತೆಗೆದಾಳು! ಮಾನಿಟರಿನ ಹಿಂದಿನ ಗೋಡೆಗೆ ಬೂದು ಅಥವಾ ಬಿಳಿ ಬಣ್ಣ ಬಳಿಸಿ, ಆಗದಿದ್ದರೆ ಹಳೆಯ ಬೂದು ಬಣ್ಣದ ಹೊದಿಕೆಯೊಂದನ್ನು ಇಳಿಬಿಡಿ. ಪಡುವಣ ಕಿಟಕಿಯ ಸಂಜೆ ಬಿಸಿಲು ಪರದೆಯ ಮೇಲೆ ಬೀಳಬಾರದು. ಪರದೆಯೂ ಹೊಳೆಯುವ ಕನ್ನಡಿಯಂಥದ್ದು ಬೇಡ, ಮಾಟ್ ಎನ್ನುವ ಮಾಸಲು ಮೈಯದೇ ಇರಲಿ.

ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ ನಿಮಗೆ ಗೊತ್ತೇ ಇದೆ. ಬಚ್ಚಲಿಗೆ ಅಂಟಿದ ಒದ್ದೆ ಗೋಡೆಗೆ ಮಾನಿಟರ್ ಒರಗಿಸಬೇಡಿ, ಹಿಂದೆ ಗಾಳಿಯಾಡಲಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಹಚ್ಚಿಡಿ, ಆ ಬಿಸಿಗೆ ತೇವ ಆರುತ್ತದೆ. ಆರಿಸಿದ ಕೂಡಲೇ ಮುಸುಕು ಹಾಕದೆ ತಣಿದ ಮೇಲೆ ಹತ್ತಿಬಟ್ಟೆ ಹೊದಿಸಿ. ಸಿಡಿಲು ಗುಡುಗಿಗೆ ಪ್ಲಗ್ಗನ್ನೇ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಯುಪಿಎಸ್ ಒಂದು ಇರಲೇಬೇಕು. ನಮಗೆಲ್ಲ ಕಂಡದ್ದನ್ನೆಲ್ಲ ಸೆರಗಿನಿಂದ ಒರೆಸುವ ಅಭ್ಯಾಸ, ಜರಿ ತಾಗಿದರೆ ಪರದೆಗೆ ಗೀರು ಬೀಳುತ್ತದೆ. ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆಯಿಂದ, ಬೇಕಾದರೆ ಬಟ್ಟೆಗೆ ನಾಲ್ಕು ಹನಿ ನೀರು ಹಾಕಿ ಒರೆಸಿ. ಪರದೆಯ ಮೇಲೆ ನೀರು ಸಿಂಪಡಿಸಬೇಡಿ, ಗಾಜು ಒರೆಸುವ ದ್ರಾವಣವಂತೂ ಕೂಡದು.

ಹೊಸದು ಬಂತೆಂದು ಹಳೆಯ ಮಾನಿಟರನ್ನು ಗುಜರಿಗೆ ಹಾಕಬೇಡಿ. ಅದನ್ನು ಪಕ್ಕದಲ್ಲೇ ಇಟ್ಟು ಇನ್ನೊಂದು ತಂತಿಯಿಂದ ಜೋಡಿಸಿದರೆ ಫೋಟೋಗಳ ಪಟ್ಟಿ, ಸಲಕರಣೆಗಳ ಡಬ್ಬಿ ಎಲ್ಲ ಅದರಲ್ಲಿ ಹರಡಿಕೊಂಡು, ಹೊಸ ಪರದೆಯ ಪೂರ್ತಿ ಜಾಗ ಆಲ್ಬಮಿಗೇ ಬಿಡಬಹುದು. ಬಣ್ಣ ಮಾತ್ರ ಹೊಸದರಲ್ಲೇ ನೋಡಬೇಕು. ಹೊಸದರ ಪೆಟ್ಟಿಗೆ, ಥರ್ಮೋಕೋಲ್ ಎರಡನ್ನೂ ಅಟ್ಟದ ಮೇಲೆ ಜೋಪಾನವಾಗಿಡಿ. ರಿಪೇರಿಗೆ ಒಯ್ಯುವಾಗಲೂ, ಮಗಳು ಗಂಡನ ಮನೆಗೆ ಒಯ್ಯುವಾಗಲೂ ಅದೇ ಬೇಕು.